ಅಂಗದ ಊನವೂ ಅಂಗಳದ ಮೆಟ್ಟಿಲೂ

ಬಸವಣ್ಣನವರ ಬಹುಪ್ರಸಿದ್ಧವಾದ ಒಂದು ವಚನದಲ್ಲಿ ಭಕ್ತನು ಕೂಡಲಸಂಗಮದೇವನ ಮುಂದೆ ಮೇಲ್ನೋಟಕ್ಕೆ ವಿಚಿತ್ರವೆನಿಸುವ ಬೇಡಿಕೆಯೊಂದನ್ನು ಇಡುತ್ತಾನೆ. ತನ್ನ ಕಾಲು, ಕಣ್ಣು, ಕಿವಿ ಈ ಮೂರರ ಶಕ್ತಿಯನ್ನೂ ದೇವನು ಹಿಂತೆಗೆದುಕೊಳ್ಳಲಿ, ಶರಣರ ಸನ್ನಿಧಿಯೊಂದನ್ನುಳಿದು ಮತ್ತಾವುದರತ್ತಲೂ ತನ್ನ ಮನಸ್ಸು ಹರಿಯದಿರಲಿ ಎಂಬುದು ಆ ಬೇಡಿಕೆಯ ಭಾವ. ಶಾಲೆಯ ಪ್ರಾರ್ಥನೆಯಿಂದ ಹಿಡಿದು ಸಂಗೀತ ಸಭೆಯವರೆಗೆ ಎಲ್ಲೆಡೆಯೂ ಕೇಳಿಬರುವ ಈ ವಚನಕ್ಕೆ ಪ್ರವಚನಕಾರರು ಹೇಳುವ ಅರ್ಥ ಇಂದ್ರಿಯನಿಗ್ರಹ. ಆ ಅರ್ಥ ಸರಿಯಾದುದೇ. ಆದರೆ ಹೀಗೆ ಬೇಡಿದವನು ನಡೆಯಬಲ್ಲವನು, ನೋಡಬಲ್ಲವನು, ಕೇಳಬಲ್ಲವನು. ಇರುವುದನ್ನು ಒಪ್ಪಿಸಲು ಸಿದ್ಧನಾದವನ ಮಾತು ಅದು. ಹುಟ್ಟಿನಿಂದಲೇ ಕಣ್ಣಿಲ್ಲದವನೊಬ್ಬನು ಅದೇ ವಚನವನ್ನು ಕೇಳುವಾಗ ಅವನಿಗೆ ದೊರೆಯುವ ಅರ್ಥವೇನು ಎಂಬ ಪ್ರಶ್ನೆಯನ್ನು ವ್ಯಾಖ್ಯಾನಗಳು ಸಾಮಾನ್ಯವಾಗಿ ಎತ್ತುವುದಿಲ್ಲ.

ಎತ್ತದಿರುವುದರಿಂದ ಒಂದು ಅಪಾರ್ಥಕ್ಕೆ ಎಡೆಯಾಗಿದೆ. ಕಣ್ಣಿಲ್ಲದವನನ್ನು ಕಂಡಾಗ, "ನೀನೇ ಭಾಗ್ಯವಂತ, ಲೋಕದ ಕೆಟ್ಟದ್ದನ್ನು ನೋಡುವ ಕಷ್ಟ ನಿನಗಿಲ್ಲ" ಎಂದು ಸಮಾಧಾನ ಹೇಳುವವರಿದ್ದಾರೆ. ಹೇಳುವವರ ಉದ್ದೇಶ ಕೆಟ್ಟದ್ದಲ್ಲ. ಆದರೂ ಅದು ವಚನದ ಅರ್ಥವಂತೂ ಅಲ್ಲ. ವಿಷಯವಾಸನೆ ಇರುವುದು ಮನಸ್ಸಿನಲ್ಲೇ ಹೊರತು ಕಣ್ಣಗುಡ್ಡೆಯಲ್ಲಿ ಅಲ್ಲ. ಕಣ್ಣು ಹೋದ ಮಾತ್ರಕ್ಕೆ ಆಸೆ ಹೋಗುವುದಾದರೆ ಸಾಧನೆಯೇ ಬೇಕಿರಲಿಲ್ಲ. ಅಂಗಸೌಷ್ಠವವುಳ್ಳವನಿಗೆ ಎಷ್ಟು ಕಾಮ, ಕ್ರೋಧ, ಹಸಿವು, ಹಂಬಲಗಳಿವೆಯೋ ಅಂಗಹೀನನೆಂದು ಕರೆಯಲ್ಪಡುವವನಿಗೂ ಅಷ್ಟೇ ಇವೆ. ಅವನಿಗೂ ಮದುವೆ ಬೇಕು, ಮನೆ ಬೇಕು, ಕೈಯಲ್ಲಿ ದುಡಿಮೆ ಬೇಕು, ಒಮ್ಮೊಮ್ಮೆ ಜಗಳವಾಡುವ ಸ್ವಾತಂತ್ರ್ಯವೂ ಬೇಕು. ಅವನನ್ನು ಪುಣ್ಯವಂತನೆಂದು ಪೀಠದ ಮೇಲೆ ಕೂಡಿಸುವುದೂ, ಪಾಪಿಯೆಂದು ಮೂಲೆಗೆ ತಳ್ಳುವುದೂ ಕೊನೆಗೆ ಒಂದೇ ಕೆಲಸವನ್ನು ಮಾಡುತ್ತವೆ. ಎರಡರಲ್ಲಿಯೂ ಅವನು ನೆರೆಮನೆಯ ಸಾಮಾನ್ಯ ಮನುಷ್ಯನಾಗಿ ಉಳಿಯುವುದಿಲ್ಲ.

ಮಾತುಗಳ ಇತಿಹಾಸವೂ ಇದನ್ನೇ ಹೇಳುತ್ತದೆ. ಕುರುಡ, ಕುಂಟ, ಕಿವುಡ, ಮೂಗ, ಹೆಳವ ಎಂಬ ಹಳೆಯ ಪದಗಳು ಮೊದಲು ಕೇವಲ ಸ್ಥಿತಿಯನ್ನು ಸೂಚಿಸುತ್ತಿದ್ದು ಬರಬರುತ್ತ ಬೈಗುಳಗಳಾದವು. ಇವುಗಳಲ್ಲಿ ಹೆಳವ ಎಂಬ ಪದದ ಗತಿ ವಿಶೇಷವಾದುದು. ಕಾಲಿಲ್ಲದವನೆಂಬ ಮೂಲಾರ್ಥದ ಆ ಪದವು ಎತ್ತಿನ ಮೇಲೆ ಊರೂರು ತಿರುಗಿ ಮನೆತನಗಳ ವಂಶಾವಳಿ ಹೇಳುವ ಒಂದು ಸಮುದಾಯದ ಹೆಸರೂ ಆಯಿತು. ನಡೆಯಲಾಗದವನೆಂಬ ಹೆಸರು ಹೊತ್ತವರು ನಾಡಿನ ತಲೆಮಾರುಗಳ ನೆನಪನ್ನು ಹೊತ್ತು ನಡೆದರು. ಬಳಿಕ ಸರ್ಕಾರಿ ಕನ್ನಡವು ಅಂಗವಿಕಲ ಎಂದಿತು. ಆಮೇಲೆ ವಿಕಲಚೇತನ ಎಂದಿತು. ವಿಶೇಷಚೇತನ ಎಂಬುದೂ ಬಂದಿತು. 2015ರ ಕೊನೆಯಲ್ಲಿ ಪ್ರಧಾನಮಂತ್ರಿಯವರು ದಿವ್ಯಾಂಗ ಎಂಬ ಪದವನ್ನು ಸೂಚಿಸಿದಾಗ ಅದನ್ನು ಸ್ವಾಗತಿಸಿದವರಿದ್ದಂತೆ, ನಮ್ಮ ಅಂಗದಲ್ಲಿ ದಿವ್ಯವಾದುದೇನೂ ಇಲ್ಲ, ನಮಗೆ ಬೇಕಾದುದು ಹಕ್ಕು ಎಂದು ಆಕ್ಷೇಪಿಸಿದ ಸಂಘಟನೆಗಳೂ ಇದ್ದವು.

ಇವುಗಳಲ್ಲಿ ಶರಣ ಸಿದ್ಧಾಂತಕ್ಕೆ ಎಲ್ಲಕ್ಕಿಂತ ದೂರವಾದುದು ವಿಕಲಚೇತನ ಎಂಬ ಪದವೇ. ರಾಜ್ಯ ಸರ್ಕಾರದ ಇಲಾಖೆಯ ನಾಮಫಲಕದಲ್ಲಿರುವ ಪದವಾದುದರಿಂದ ಅದನ್ನು ಯಾರೂ ಬಿಡಿಸಿ ನೋಡುವುದಿಲ್ಲ. ಅಂಗವಿಕಲ ಎಂದಾಗ ಊನವು ಅಂಗಕ್ಕೆ ಸೀಮಿತವಾಗಿತ್ತು. ವಿಕಲಚೇತನ ಎಂದಾಗ ಅದು ಚೇತನಕ್ಕೇ ತಗಲಿತು. ಶರಣರ ದೃಷ್ಟಿಯಲ್ಲಿ ಅಂಗಕ್ಕೆ ಹುಟ್ಟು, ರೋಗ, ಮುಪ್ಪು, ಸಾವುಗಳುಂಟು. ಅದರೊಳಗಣ ಚೈತನ್ಯಕ್ಕೆ ಊನವೆಂಬುದಿಲ್ಲ. ಹೀಗಿರುವಾಗ ಗೌರವ ತೋರಲೆಂದು ಕಟ್ಟಿದ ಪದವೇ ಹಳೆಯ ಬೈಗುಳಕ್ಕಿಂತ ಹೆಚ್ಚಿನ ಊನವನ್ನು ಆರೋಪಿಸಿದಂತಾಯಿತಲ್ಲವೆ? ಪದ ಬದಲಿಸುವವರು ಒಮ್ಮೆಯಾದರೂ ವಚನಕಾರರಂತೆ ಪದವನ್ನು ಒರೆಗೆ ಹಚ್ಚಬೇಕಿತ್ತು.

ಇನ್ನು ಕರ್ಮದ ವಿಚಾರ. ನಡೆಯಲಾಗದ ಮಗುವನ್ನು ಸೊಂಟದ ಮೇಲೆ ಹೊತ್ತು ಜಾತ್ರೆಗೆ ಬರುವ ತಾಯಿಗೆ ತೇರಿನ ಬೀದಿಯಲ್ಲಿ ಎದುರಾಗುವ ಮಾತು ಬಹುತೇಕ ಒಂದೇ ತೆರನಾದುದು: "ಯಾವ ಜನ್ಮದ ಪಾಪವೋ ಏನೋ, ತಂಗೀ." ಹೇಳಿದವರು ಮುಂದೆ ಸಾಗುತ್ತಾರೆ. ತಾಯಿ ಆ ಮಾತನ್ನು ಮನೆಗೆ ಹೊತ್ತು ತರುತ್ತಾಳೆ. ಮುಂದಿನ ವರ್ಷ ಆ ಮಗುವನ್ನು ಮನೆಯಲ್ಲೇ ಬಿಟ್ಟು ಬರುತ್ತಾಳೆ. ಲಿಂಗದೀಕ್ಷೆ ಹೊಂದಿದವನಿಗೆ ಪೂರ್ವಾಶ್ರಯವೆಂಬುದು ಅಳಿಯಿತು ಎಂದು ಸಾರಿದ ಧರ್ಮದ ಅಂಗಳದಲ್ಲಿಯೇ ಈ ಮಾತು ಹುಟ್ಟುವುದು ವಿಷಾದದ ಸಂಗತಿ. ಜಾತಿಯ ಪೂರ್ವಾಶ್ರಯವನ್ನು ಅಳಿಸಿದವರು ಅಂಗದ ಪೂರ್ವಾಶ್ರಯವನ್ನು ಹಾಗೆಯೇ ಉಳಿಸಿಕೊಳ್ಳುವುದು ಹೇಗೆ? ಪೋಲಿಯೊ ವೈರಾಣುವಿನಿಂದ ಕಾಲು ಸೋತಿತು, ಹೆರಿಗೆಯ ವೇಳೆ ಉಸಿರು ಕಟ್ಟಿ ಮಿದುಳಿಗೆ ಪೆಟ್ಟಾಯಿತು ಎಂಬ ಕಾರಣಗಳು ತಿಳಿದಿರುವಾಗಲೂ ಪಾಪವನ್ನು ಹುಡುಕುವವರಿಗೆ ಬೇಕಾದುದು ಕಾರಣವಲ್ಲ, ತಮಗೆ ಇದರಲ್ಲಿ ಹೊಣೆಯಿಲ್ಲವೆಂಬ ನೆಮ್ಮದಿ.

ಈ ನಾಡಿನಲ್ಲಿ ಆ ಹೊಣೆಯನ್ನು ಹೊತ್ತು ತೋರಿದ ಒಂದು ಪರಂಪರೆಯೂ ಇದೆ. ಹಾವೇರಿ ಜಿಲ್ಲೆಯ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಗದಿಗೆಯ್ಯನೆಂಬ ಬಾಲಕ ಹುಟ್ಟಿದನು. ಅವನಿಗೂ ಅವನ ಅಣ್ಣನಿಗೂ ಕಣ್ಣಿರಲಿಲ್ಲ. ಅಂದಿನ ಹಳ್ಳಿಯೊಂದರಲ್ಲಿ ಇಬ್ಬರು ಅಂಧ ಮಕ್ಕಳ ಭವಿಷ್ಯವೇನಿದ್ದೀತೆಂಬುದನ್ನು ಊಹಿಸುವುದು ಕಷ್ಟವಲ್ಲ: ಗುಡಿಯ ಕಟ್ಟೆ, ಮುಂದೆ ಹಾಸಿದ ವಸ್ತ್ರ. ಹಾನಗಲ್ಲ ಕುಮಾರಸ್ವಾಮಿಗಳು (1867–1930) ಆ ಮಕ್ಕಳ ಕಂಠವನ್ನು ಗುರುತಿಸಿದರು. ಬದಾಮಿಯ ಬಳಿ ಮಲಪ್ರಭೆಯ ದಡದಲ್ಲಿ 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಪೂಜ್ಯರು ಅವರು. ಅವರು ಆ ಮಕ್ಕಳಿಗೆ ಅನ್ನವನ್ನಷ್ಟೇ ಕೊಟ್ಟು ಸುಮ್ಮನಾಗಬಹುದಿತ್ತು. ಹಾಗೆ ಮಾಡದೆ ವಿದ್ಯೆಗೆ ಏರ್ಪಾಡು ಮಾಡಿದರು. ಗದಿಗೆಯ್ಯನು ಕರ್ನಾಟಕ, ಹಿಂದುಸ್ತಾನಿ ಎರಡೂ ಪದ್ಧತಿಗಳಲ್ಲಿ ಪಾರಂಗತನಾಗಿ ಉಭಯಗಾನವಿಶಾರದ ಪಂಚಾಕ್ಷರಿ ಗವಾಯಿಗಳಾದುದು ಇತಿಹಾಸ.

ಗವಾಯಿಗಳು ಪಡೆದ ವಿದ್ಯೆಯನ್ನು ಗಳಿಕೆಯಾಗಿಸಿಕೊಳ್ಳಲಿಲ್ಲ. ಅಂಧ, ಅನಾಥ ಮಕ್ಕಳನ್ನು ಕೂಡಿಕೊಂಡು ಊರಿಂದೂರಿಗೆ ಹೋಗುವ ಸಂಚಾರಿ ಪಾಠಶಾಲೆಯನ್ನು ನಡೆಸಿದರು. ಗುರು ಮುಂದೆ, ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟ ಶಿಷ್ಯರು ಹಿಂದೆ. ಬರಗಾಲ ಬಂದರೂ ಮಕ್ಕಳನ್ನು ಬಿಡಲಿಲ್ಲ. ಆ ಸಂಚಾರವೇ ಕಡೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆನಿಂತಿತು. 1944ರಲ್ಲಿ ಅವರು ಲಿಂಗೈಕ್ಯರಾದಾಗ ಆಶ್ರಮದ ಭಾರ ಮೂವತ್ತು ವರ್ಷದ ಇನ್ನೊಬ್ಬ ಅಂಧ ಶಿಷ್ಯರ ಹೆಗಲಿಗೆ ಬಂದಿತು. ಅವರೇ ಪುಟ್ಟರಾಜ ಗವಾಯಿಗಳು (1914–2010). ಮಕ್ಕಳ ಅನ್ನಕ್ಕಾಗಿ ನಾಟಕ ಕಂಪನಿ ನಡೆಸಿದರು, ತಾವೇ ನಾಟಕಗಳನ್ನು ರಚಿಸಿದರು. ಭಕ್ತರು ಮಾಡಿದ ತುಲಾಭಾರಗಳಿಂದ ಬಂದುದೆಲ್ಲ ಆಶ್ರಮಕ್ಕೇ ಸಂದಿತು. ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಗ್ರಂಥ ರಚಿಸಿದ ಅವರಿಗೆ 2010ರಲ್ಲಿ ಪದ್ಮಭೂಷಣ ದೊರೆಯಿತು. ಅದೇ ವರ್ಷದ ಸೆಪ್ಟೆಂಬರ್ 17ರಂದು ಅವರು ಲಿಂಗೈಕ್ಯರಾದರು.

ಇಷ್ಟೂ ಸಂಗತಿಗಳು ಭಕ್ತರಿಗೆ ತಿಳಿದಿರುವಂಥವೇ. ಅವುಗಳಲ್ಲಿ ಸಾಕಷ್ಟು ಗಮನಕ್ಕೆ ಬಾರದ ಒಂದು ಅಂಶವಿದೆ. ಪುಣ್ಯಾಶ್ರಮವು ಕಣ್ಣಿಲ್ಲದವರಿಗಷ್ಟೇ ಮೀಸಲಾದ ತಾಣವಾಗಲಿಲ್ಲ. ಪಂಚಾಕ್ಷರಿ ಗವಾಯಿಗಳ ಬಳಿ ಕಲಿತ ಬಸವರಾಜ ರಾಜಗುರು ಅವರಿಗೆ ಕಣ್ಣಿತ್ತು. ಪುಟ್ಟರಾಜರ ಬಳಿ ಆಶ್ರಮದಲ್ಲಿಯೇ ವರ್ಷಗಟ್ಟಲೆ ಇದ್ದು ಕಲಿತ ಎಂ. ವೆಂಕಟೇಶಕುಮಾರ್ ಅವರಿಗೂ ಕಣ್ಣಿದೆ. ಕಣ್ಣುಳ್ಳ ಮಗುವೂ ಕಣ್ಣಿಲ್ಲದ ಮಗುವೂ ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ತಂಬೂರಿಯ ಶ್ರುತಿಗೆ ದನಿಗೂಡಿಸಿದವು. ಗುರುವಿನ ಸ್ಥಾನದಲ್ಲಿ ಕಣ್ಣಿಲ್ಲದವರು, ಶಿಷ್ಯನ ಸ್ಥಾನದಲ್ಲಿ ಕಣ್ಣುಳ್ಳವನು. ಸಮನ್ವಯ ಶಿಕ್ಷಣವೆಂದು ಇಂದು ಶಿಕ್ಷಣ ಇಲಾಖೆ ಕರೆಯುವುದು ಆ ಪದ ಹುಟ್ಟುವ ಮೊದಲೇ ಗದಗಿನಲ್ಲಿ ನಡೆಯುತ್ತಿತ್ತು. ಅದನ್ನು ಕರುಣೆಯ ಕಥೆಯಾಗಿ ಮಾತ್ರ ಹೇಳುವವರು ಈ ಸ್ಥಾನಪಲ್ಲಟವನ್ನು ಕಾಣಲಾರರು.

ಕಣ್ಣಿಲ್ಲದವನಿಗೆ ಇಷ್ಟಲಿಂಗದ ದೃಷ್ಟಿಯೋಗ ಹೇಗೆ ಸಾಧ್ಯವೆಂದು ಕೇಳುವವರಿಗೂ ಇಲ್ಲಿಯೇ ಉತ್ತರವಿದೆ. ಈ ಇಬ್ಬರು ಗವಾಯಿಗಳ ಲಿಂಗಪೂಜಾನಿಷ್ಠೆ ಮನೆಮಾತಾಗಿತ್ತು. ಅಂಗೈಯ ಮೇಲಿನ ಲಿಂಗವು ಸ್ಪರ್ಶಕ್ಕೂ ದಕ್ಕುವಂಥದು. ಗುಡಿಯೊಳಗಿನ ಸ್ಥಾವರವನ್ನು ದೂರದಿಂದ ಕಣ್ಣಿನಿಂದಲೇ ಕಾಣಬೇಕು. ಎದೆಯ ಮೇಲಿನದು ಹಾಗಲ್ಲ.

ಆದರೆ ಗದಗಿನ ದೊಡ್ಡ ಬೆಳಕಿಗೆ ಒಂದು ನೆರಳೂ ಉಂಟು. ಅದಕ್ಕೆ ಗವಾಯಿಗಳು ಹೊಣೆಯಲ್ಲ, ನೋಡುವ ಸಮಾಜ ಹೊಣೆ. ಕಣ್ಣಿಲ್ಲದ ಮಗುವೆಂದರೆ ಹಾಡಲೇಬೇಕು ಎಂದು ಜನ ಭಾವಿಸಿಬಿಟ್ಟರು. ಕಂಠವಿಲ್ಲದ, ತಾಳಜ್ಞಾನವಿಲ್ಲದ, ಲೆಕ್ಕದಲ್ಲಿಯೋ ಕಾನೂನಿನಲ್ಲಿಯೋ ವ್ಯಾಪಾರದಲ್ಲಿಯೋ ಒಲವಿರುವ ಅಂಧ ಬಾಲಕನೂ ಇದ್ದಾನು. ಅವನ ಕೈಗೂ ಹಾರ್ಮೋನಿಯಂ ಕೊಡುವುದು ಪುನರ್ವಸತಿಯಲ್ಲ. ಕಿವಿ ಕೇಳದವರಿಗೆ ಹೊಲಿಗೆ, ಕಾಲಿಲ್ಲದವರಿಗೆ ಎಸ್‌ಟಿಡಿ ಬೂತು, ಅದೂ ಮುಚ್ಚಿದ ಮೇಲೆ ಜೆರಾಕ್ಸ್ ಅಂಗಡಿ ಎಂಬ ಪಟ್ಟಿಯೂ ಇದೇ ಜಾಡಿನದು. ಶರಣರ ಕಾಯಕತತ್ತ್ವದ ಮೊದಲ ಹೆಜ್ಜೆಯೆಂದರೆ ಹುಟ್ಟಿನಿಂದ ಕಸುಬನ್ನು ನಿಗದಿಪಡಿಸುವುದರ ನಿರಾಕರಣೆ. ಜಾತಿಯಿಂದ ಕಾಯಕ ನಿರ್ಧಾರವಾಗಬಾರದೆಂದು ಒಪ್ಪಿದವರು ಊನದಿಂದ ಕಾಯಕ ನಿರ್ಧಾರವಾಗುವುದನ್ನು ಸಹಜವೆಂಬಂತೆ ಕಾಣುತ್ತಾರೆ.

ಪುನರ್ವಸತಿ ಎಂಬ ಪದ ಕೇಳಿದೊಡನೆ ಉತ್ತರ ಕರ್ನಾಟಕದವರಿಗೆ ನೆನಪಾಗುವುದು ಕೃಷ್ಣಾ ಮೇಲ್ದಂಡೆ ಯೋಜನೆ. ಆಲಮಟ್ಟಿಯ ಹಿನ್ನೀರಿಗೆ ಹಳ್ಳಿಗಳು ಮುಳುಗಿದವು, ಹಳೆಯ ಬಾಗಲಕೋಟೆಯ ಭಾಗಗಳು ಮುಳುಗಿದವು. ಜನರನ್ನು ಎಬ್ಬಿಸಿ ಎತ್ತರದ ನೆಲಕ್ಕೆ ಸಾಗಿಸಿ, ಅದನ್ನು ಪುನರ್ವಸತಿ ಎಂದರು. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪವು ಹಿನ್ನೀರಿನ ನಡುವೆ ಬಾವಿಯಂತೆ ಕಟ್ಟಿದ ಗೋಡೆಯೊಳಗೆ ಉಳಿದಿದೆ. ಅಂಗವೈಕಲ್ಯದ ಮಾತಿನಲ್ಲಿ ಈ ಪದ ತಲೆಕೆಳಗಾಗುತ್ತದೆ. ಇಲ್ಲಿ ಮನುಷ್ಯನು ಊರು ಬಿಟ್ಟು ಹೋಗಬೇಕಾಗಿಲ್ಲ. ಅವನು ಇದ್ದಲ್ಲಿಯೇ ಇರುವಂತೆ ಊರು ತನ್ನನ್ನು ಮತ್ತೆ ಕಟ್ಟಿಕೊಳ್ಳಬೇಕು. 1976ರಲ್ಲಿ ಬ್ರಿಟನ್ನಿನ ಅಂಗವಿಕಲರ ಸಂಘಟನೆಯೊಂದು ಹೆಚ್ಚು ಕಡಿಮೆ ಇದನ್ನೇ ಹೇಳಿತು: ದೇಹದ ಊನ ಬೇರೆ, ಆ ಊನವುಳ್ಳವರನ್ನು ಹೊರಗಿಡುವ ಸಮಾಜದ ಏರ್ಪಾಡು ಬೇರೆ, ಮನುಷ್ಯನನ್ನು ಅಸಮರ್ಥನನ್ನಾಗಿ ಮಾಡುವುದು ಎರಡನೆಯದು. ನೋವು, ಸೆಳೆತ, ದಣಿವುಗಳು ಸಮಾಜ ಬದಲಾದರೂ ಉಳಿಯುತ್ತವೆ ಎಂಬ ಆಕ್ಷೇಪ ಈ ವಾದಕ್ಕೆ ಇದೆ, ಅದು ನ್ಯಾಯವಾದುದೇ. ಹಾಗಾಗಿ ವೈದ್ಯನೂ ಬೇಕು, ಬಡಗಿಯೂ ಬೇಕು.

ವೈದ್ಯನೂ ಕುಶಲಕರ್ಮಿಯೂ ಕೂಡಿ ಮಾಡಿದ ಒಂದು ಕಾರ್ಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡುವುದು ಉಚಿತ. ಜೈಪುರದ ಸವಾಯಿ ಮಾನಸಿಂಗ್ ಆಸ್ಪತ್ರೆಯಲ್ಲಿ ಡಾ. ಪಿ. ಕೆ. ಸೇಠಿ ಎಂಬ ಮೂಳೆತಜ್ಞರಿದ್ದರು. ಕಾಲು ಕಳೆದುಕೊಂಡವರಿಗೆ ಅವರು ಪಾಶ್ಚಾತ್ಯ ಮಾದರಿಯ ಕೃತಕ ಕಾಲನ್ನು ಜೋಡಿಸುತ್ತಿದ್ದರು. ಕೆಲವೇ ದಿನಗಳಲ್ಲಿ ರೋಗಿಗಳು ಅದನ್ನು ಬಿಚ್ಚಿಟ್ಟು ಮತ್ತೆ ಊರುಗೋಲು ಹಿಡಿಯುತ್ತಿದ್ದರು. ಕಾರಣ ಸರಳವಾಗಿತ್ತು. ಆ ಕಾಲು ಕುರ್ಚಿಯ ಮೇಲೆ ಕೂರುವ, ಬೂಟು ತೊಡುವ ದೇಶಕ್ಕಾಗಿ ಮಾಡಿದುದು. ಅದನ್ನು ತೊಟ್ಟು ಕುಕ್ಕರುಗಾಲಿನಲ್ಲಿ ಕೂರುವಂತಿಲ್ಲ, ಚಕ್ಕಳಮಕ್ಕಳ ಹಾಕುವಂತಿಲ್ಲ, ಬರಿಗಾಲಿನಲ್ಲಿ ಕೆಸರುಗದ್ದೆಗೆ ಇಳಿಯುವಂತಿಲ್ಲ. ಬೂಟು ತೊಟ್ಟೇ ಇರಬೇಕಾದವನು ಗುಡಿಯೊಳಗೆ ಹೋಗುವುದು ಹೇಗೆ, ಅಡುಗೆಮನೆಗೆ ಕಾಲಿಡುವುದು ಹೇಗೆ? ಅದೇ ಆಸ್ಪತ್ರೆಯಲ್ಲಿ ಕುಷ್ಠರೋಗಿಗಳಿಗೆ ಕೈಕಸುಬು ಕಲಿಸುತ್ತಿದ್ದ ರಾಮಚಂದ್ರ ಶರ್ಮರು ಶಾಲೆಯಲ್ಲಿ ಹೆಚ್ಚು ಓದಿದವರಲ್ಲ, ಶಿಲ್ಪಿ. ಟೈರಿಗೆ ರಬ್ಬರು ಹಾಕುವ ಅಂಗಡಿಯ ಕೆಲಸವನ್ನು ನೋಡಿ ಅವರಿಗೆ ಹೊಳಹು ಸಿಕ್ಕಿತೆಂಬ ಸಂಗತಿ ಪ್ರಸಿದ್ಧವಾಗಿದೆ. ರಬ್ಬರು, ಮರಗಳನ್ನು ಬಳಸಿ, ಮನುಷ್ಯನ ಪಾದದಂತೆಯೇ ಕಾಣುವ, ಎಲ್ಲ ದಿಕ್ಕಿಗೂ ಬಾಗುವ, ನೀರಿಗೆ ಅಂಜದ ಪಾದವನ್ನು ಇವರಿಬ್ಬರೂ ಸಹೋದ್ಯೋಗಿಗಳೊಡನೆ 1968ರ ಸುಮಾರಿಗೆ ಸಿದ್ಧಪಡಿಸಿದರು. ಅದೇ ಜೈಪುರ ಕಾಲು. 1975ರಲ್ಲಿ ಜೈಪುರದಲ್ಲಿ ಸ್ಥಾಪನೆಯಾದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯು ಅದನ್ನು ಬಡವರಿಗೆ ಉಚಿತವಾಗಿ ತೊಡಿಸತೊಡಗಿತು. 1981ರಲ್ಲಿ ಬಸ್ಸು ಅಪಘಾತದ ಬಳಿಕ ಕಾಲು ಕಳೆದುಕೊಂಡ ಸುಧಾ ಚಂದ್ರನ್ ಅವರು ಇದನ್ನೇ ತೊಟ್ಟು 1984ರಲ್ಲಿ ಮತ್ತೆ ಭರತನಾಟ್ಯದ ರಂಗವೇರಿದರು.

ಆ ನರ್ತನವನ್ನು ಪವಾಡವೆಂದು ಹೊಗಳುವುದು ಸುಲಭ. ಅದಕ್ಕಿಂತ ಹೆಚ್ಚು ಧ್ಯಾನಕ್ಕೆ ಯೋಗ್ಯವಾದುದು ಹೆಸರಿಲ್ಲದ ರೈತನು ಅದೇ ಕಾಲನ್ನು ತೊಟ್ಟು ಗದ್ದೆಗಿಳಿದು, ಸಂಜೆ ಮನೆಯವರೊಡನೆ ನೆಲದ ಮೇಲೆ ಕುಳಿತು ಉಂಡದ್ದು. ರಾಮಚಂದ್ರ ಶರ್ಮರಿಗೆ ವಚನಗಳ ಪರಿಚಯ ಇರಲಿಲ್ಲವೆಂದೇ ಇಟ್ಟುಕೊಂಡರೂ ಅವರ ಕೆಲಸ ಕಾಯಕವೇ. ಎದುರಿಗಿದ್ದವನು ಹೇಗೆ ಕೂರುತ್ತಾನೆ, ಹೇಗೆ ಉಣ್ಣುತ್ತಾನೆ, ಎಲ್ಲಿ ನಡೆಯುತ್ತಾನೆ ಎಂಬುದನ್ನು ಮೊದಲು ನೋಡಿ ಆಮೇಲೆ ಕೈ ಹಾಕಿದರು.

ದಾನಕ್ಕೂ ದಾಸೋಹಕ್ಕೂ ಇರುವ ಅಂತರವೂ ಇಲ್ಲಿಯೇ ಸ್ಪಷ್ಟವಾಗುತ್ತದೆ. ದಾನದಲ್ಲಿ ಕೊಡುವವನ ಕೈ ಮೇಲೆ. ದಾಸೋಹದಲ್ಲಿ ಕೊಡುವವನು ದಾಸ. ವೇದಿಕೆ ಕಟ್ಟಿ, ಹಾರ ತರಿಸಿ, ಛಾಯಾಚಿತ್ರಗಾರನನ್ನು ಕರೆಸಿ ತ್ರಿಚಕ್ರ ವಾಹನ ವಿತರಿಸುವ ಸಮಾರಂಭಗಳನ್ನು ಎಲ್ಲರೂ ನೋಡಿದ್ದಾರೆ. ವಾಹನ ಪಡೆಯುವವನು ಆ ವೇದಿಕೆಯ ಮೆಟ್ಟಿಲನ್ನು ಏರಲಾರದೆ ಕೆಳಗೆ ಬಿಸಿಲಿನಲ್ಲಿ ಕಾದಿರುತ್ತಾನೆ. ಅವನ ಮೈಯಳತೆಯನ್ನು ಯಾರೂ ತೆಗೆದಿರುವುದಿಲ್ಲ. ಕೆಲವು ತಿಂಗಳಲ್ಲಿ ವಾಹನ ಹಿತ್ತಿಲಲ್ಲಿ ತುಕ್ಕು ಹಿಡಿಯುತ್ತದೆ, ಆಗ "ಕೊಟ್ಟರೂ ಬಳಸುವುದಿಲ್ಲ" ಎಂಬ ದೂರು ಬೇರೆ.

ಕಾನೂನು ಈ ವಿಷಯದಲ್ಲಿ ಸಮಾಜಕ್ಕಿಂತ ಮುಂದೆ ನಡೆದಿದೆ ಎಂದೇ ಹೇಳಬೇಕು. 1995ರ ಅಂಗವಿಕಲರ ಅಧಿನಿಯಮವು 7 ಬಗೆಯ ವೈಕಲ್ಯಗಳನ್ನು ಗುರುತಿಸಿತ್ತು. ವಿಶ್ವಸಂಸ್ಥೆಯ 2006ರ ಒಡಂಬಡಿಕೆಗೆ ಭಾರತವು 2007ರಲ್ಲಿ ಅಂಗೀಕಾರ ನೀಡಿದ ಬಳಿಕ ಬಂದ 2016ರ ಹಕ್ಕುಗಳ ಅಧಿನಿಯಮವು 21 ಬಗೆಗಳನ್ನು ಗುರುತಿಸಿ, ಸರ್ಕಾರಿ ನೌಕರಿಯಲ್ಲಿನ ಮೀಸಲಾತಿಯನ್ನು ಶೇ. 3ರಿಂದ 4ಕ್ಕೆ ಏರಿಸಿತು. ಹೆಸರಿನಲ್ಲಿಯೇ ಹಕ್ಕು ಎಂಬ ಪದ ಬಂದುದು ಸಣ್ಣ ಸಂಗತಿಯಲ್ಲ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು, ಅಂದರೆ ಜನಸಂಖ್ಯೆಯ ಶೇ. 2.21, ಕರ್ನಾಟಕದಲ್ಲಿ 13 ಲಕ್ಷಕ್ಕೂ ಮಿಗಿಲು. ಮನೆಯವರು ಮರೆಮಾಚಿದ ಮಕ್ಕಳು ಗಣತಿದಾರನ ಪುಸ್ತಕಕ್ಕೆ ಸಿಗುವುದಿಲ್ಲ, ಆದುದರಿಂದ ನಿಜವಾದ ಸಂಖ್ಯೆ ಇದಕ್ಕಿಂತ ಹೆಚ್ಚೇ ಇರಬೇಕು. ಸವಲತ್ತುಗಳಿಗೆ ಶೇ. 40ರ ಊನವೆಂಬ ಪ್ರಮಾಣಪತ್ರ ಬೇಕು. ವೈದ್ಯನ ಅಳತೆಗೋಲು ದೇಹವನ್ನು ಮಾತ್ರ ಅಳೆಯಬಲ್ಲದು. ಒಂದೇ ಶೇ. 40ರ ಇಬ್ಬರಲ್ಲಿ ಒಬ್ಬನ ಮನೆ ಡಾಂಬರು ರಸ್ತೆಯ ಪಕ್ಕದಲ್ಲಿದ್ದು, ಇನ್ನೊಬ್ಬನದು ಹಳ್ಳ ದಾಟಿದ ಮೇಲಿನ ತೋಟದಲ್ಲಿದ್ದರೆ ಅವರ ಬಾಳು ಒಂದೇ ಆಗುವುದಿಲ್ಲ.

ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಪ್ರವೇಶಾರ್ಹವಾಗಿರಬೇಕೆಂಬ ನಿಯಮಗಳು ಕೇವಲ ಸಲಹೆಗಳಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು 2024ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಮಠಗಳು ನ್ಯಾಯಾಲಯದ ಮಾತಿಗಾಗಿ ಕಾಯಬೇಕಾಗಿರಲಿಲ್ಲ. ದೇಹವನ್ನೇ ದೇಗುಲವೆಂದು ಕಂಡ ಪರಂಪರೆಯ ಮಠಗಳಲ್ಲಿ ಮಹಾದ್ವಾರಕ್ಕೆ ಏಳು ಮೆಟ್ಟಿಲು, ಗದ್ದುಗೆಗೆ ಮತ್ತೆ ಮೂರು, ಹೊಸ್ತಿಲು ಮೊಣಕಾಲೆತ್ತರ. ದಾಸೋಹದ ಮನೆಯಲ್ಲಿ ನೆಲದ ಪಂಕ್ತಿ. ನೆಲಕ್ಕೆ ಕೂರಲಾರದ ವೃದ್ಧನಿಗೋ ಕಾಲಿಲ್ಲದವನಿಗೋ ಬಾಗಿಲ ಬಳಿ ಬೇರೆಯಾಗಿ ತಟ್ಟೆ ತಂದುಕೊಡುತ್ತಾರೆ, ಪ್ರೀತಿಯಿಂದಲೇ ತಂದುಕೊಡುತ್ತಾರೆ. ಆದರೂ ಅವನು ಉಂಡದ್ದು ಪಂಕ್ತಿಯ ಹೊರಗೆ. ಪಂಕ್ತಿಯ ಹೊರಗೆ ಕೂಡಿಸುವುದೆಂದರೆ ಏನೆಂಬುದು ಕಲ್ಯಾಣದ ಕಥೆ ಬಲ್ಲವರಿಗೆ ವಿವರಿಸಬೇಕಾದುದಲ್ಲ. ಒಂದು ಇಳಿಜಾರು ದಾರಿ, ಪಂಕ್ತಿಯ ಸಾಲಿನಲ್ಲಿಯೇ ನಾಲ್ಕು ಎತ್ತರದ ಮಣೆ, ಶೌಚಾಲಯದಲ್ಲಿ ಹಿಡಿದುಕೊಳ್ಳಲು ಒಂದು ಕಬ್ಬಿಣದ ಸರಳು: ಇವುಗಳ ವೆಚ್ಚ ಜಾತ್ರೆಯ ಒಂದು ಸ್ವಾಗತ ಕಮಾನಿನ ವೆಚ್ಚಕ್ಕಿಂತ ಹೆಚ್ಚಲ್ಲ.

ಅಕ್ಷರದ ಮನೆಗೂ ಮೆಟ್ಟಿಲುಗಳಿವೆ. ಬ್ರೈಲ್ ಲಿಪಿಗೆ 1951ರಲ್ಲಿ ಭಾರತೀಯ ಭಾಷೆಗಳಿಗೆ ಹೊಂದುವ ಏಕರೂಪ ದೊರೆಯಿತು. ಈಗ ಗಣಕಯಂತ್ರವೇ ಪರದೆಯ ಮೇಲಿನ ಕನ್ನಡವನ್ನು ಓದಿ ಹೇಳಬಲ್ಲದು. ಎನ್‌ವಿಡಿಎ ಎಂಬ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಆದರೆ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದ, ಯುನಿಕೋಡ್‌ಗೆ ಬದಲಾಗದ ಪುಟಗಳನ್ನು ಅದು ಅರ್ಥವಿಲ್ಲದ ಸದ್ದುಗಳಾಗಿ ಉಚ್ಚರಿಸುತ್ತದೆ. ಪುಸ್ತಕದ ಪುಟಗಳನ್ನು ಚಿತ್ರವಾಗಿ ತೆಗೆದಿಟ್ಟರೆ ಅದು ಮೌನವಾಗುತ್ತದೆ. ಸಮಗ್ರ ವಚನ ಸಾಹಿತ್ಯವು 15 ಸಂಪುಟಗಳಲ್ಲಿ ಮುದ್ರಣವಾಗಿ ದಶಕಗಳೇ ಕಳೆದಿವೆ. ಕಪಾಟಿನಲ್ಲಿರುವ ಆ ಸಂಪುಟಗಳ ಮುಂದೆ ಕಣ್ಣಿಲ್ಲದ ಜಿಜ್ಞಾಸುವು ಇಂದಿಗೂ ಯಾರಾದರೂ ಓದಿ ಹೇಳುವವರು ಬರಲೆಂದು ಕಾಯಬೇಕಾಗುತ್ತದೆ. ವಚನಗಳನ್ನು ಪ್ರಕಟಿಸುವ ಮಠಗಳು ಮುಂದೆ ಮಾಡುವ ಪ್ರತಿಯೊಂದು ಪ್ರಕಟಣೆಯನ್ನೂ ಓದಿಸಬಲ್ಲ ರೂಪದಲ್ಲಿ ಹೊರತರುವುದು ಅಸಾಧ್ಯವೇನಲ್ಲ.

ಹಳ್ಳಿಗಳಲ್ಲಿ ಈ ಕೆಲಸದ ಕೊನೆಯ ಕೊಂಡಿಯಾಗಿ ದುಡಿಯುತ್ತಿರುವವರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಗ್ರಾಮ ಪಂಚಾಯಿತಿಗೊಬ್ಬರಂತೆ ನೇಮಕಗೊಂಡ ಇವರು ಸ್ವತಃ ಅಂಗವಿಕಲರು. ಇವರಿಗೆ ಸಿಗುವುದು ವೇತನವಲ್ಲ, ಗೌರವಧನ. ಆ ಪದದಲ್ಲಿ ಗೌರವವೇ ಹೆಚ್ಚು, ಧನ ಕಡಿಮೆ. ಮನೆಮನೆಗೆ ಹೋಗಿ ಒಳಕೋಣೆಯಲ್ಲಿರುವ ಮಗುವಿನ ಸುಳಿವು ಪಡೆಯುವುದು, ತಾಲೂಕಾ ಆಸ್ಪತ್ರೆಯ ತಪಾಸಣೆಗೆ ಕರೆದೊಯ್ಯುವುದು, ಗುರುತಿನ ಚೀಟಿಯ ಅರ್ಜಿ ತುಂಬುವುದು, ಪಿಂಚಣಿ ನಿಂತಾಗ ಕಚೇರಿಗೆ ಅಲೆಯುವುದು ಇವರ ನಿತ್ಯದ ಕಾಯಕ. ಮಗುವನ್ನು ತೋರಿಸಲು ಒಪ್ಪದ ಮನೆಯವರು ಮೊದಲು ಇವರ ಊರುಗೋಲನ್ನೋ ಕ್ಯಾಲಿಪರನ್ನೋ ನೋಡುತ್ತಾರೆ, ಆಮೇಲೆ ಒಳಗೆ ಕರೆಯುತ್ತಾರೆ. ಅಧಿಕಾರಿಗೆ ತೆರೆಯದ ಕೋಣೆಯ ಬಾಗಿಲು ಇವರಿಗೆ ತೆರೆಯುತ್ತದೆ. ಜಾತ್ರೆಯ ಮುನ್ನಾದಿನ ಮಠದ ಹಿರಿಯರು ತಮ್ಮ ಪಂಚಾಯಿತಿಯ ಈ ಕಾರ್ಯಕರ್ತರನ್ನು ಕರೆಸಿ, ಊರಿನ ಯಾವ ಯಾವ ಮನೆಯಿಂದ ಯಾರು ತೇರಿಗೆ ಬರಲಾರದೆ ಉಳಿದಿದ್ದಾರೆಂದು ಕೇಳಿದರೆ, ಹೆಸರುಗಳು ಅವರ ನಾಲಗೆಯ ತುದಿಯಲ್ಲಿಯೇ ಇರುತ್ತವೆ.